ದಿನಕ್ಕೊಂದು ಸುಳ್ಳು

ಕಳೆದ ತಿಂಗಳು ರಶ್ಮಿ ಪುಣೆಯ ಖಡಕಿಯಲ್ಲಿರುವ ನಮ್ಮ ಮನೆಗೆ ಬಂದಿದ್ದಳು. ನಾನು ನಿವೃತ್ತಳಾದ ಮೇಲೆ ನನ್ನ ಒಂದನೆಯ ತರಗತಿಗೆ ಬಂದ ಹೊಸ ಶಿಕ್ಷಕಿ ಅವಳು. ಊರು ತುಮಕೂರು, ಮದುವೆಯಾಗಿ ಪುಣೆಗೆ ಬಂದವಳು. ಚಹಾ ಆರುವ ಮೊದಲೇ ಚೀಲದಿಂದ ಹೊಸ ನೋಟ್‌ಬುಕ್ಕು ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದಳು.

"ಮೇಡಂ, ಮಕ್ಕಳಿಗೆ ಓದೋದು ಕಲಿಸೋಕೆ ಯಾವ ಮೆಥಡ್ ಬೆಸ್ಟು? ಒಂದೇ ಒಂದು ಹೇಳ್ಬಿಡಿ, ಸೋಮವಾರದಿಂದ ಸ್ಟಾರ್ಟ್ ಮಾಡ್ತೀನಿ."

"ಒಂದೇ ಒಂದು ಗೊತ್ತಿದ್ದಿದ್ರ ಮೂವತ್ನಾಕು ವರ್ಷ ಒಂದನೇ ಕ್ಲಾಸಿನ್ಯಾಗ ಯಾಕ ಕೂಡ್ತಿದ್ದೆ ತಂಗಿ?" ಎಂದೆ.

ಅವಳು ಸುಲಭಕ್ಕೆ ಬಿಡುವವಳಲ್ಲ. "ಹಾಗಾದ್ರೆ ಮೂವತ್ನಾಲ್ಕು ವರ್ಷದ್ದೂ ಬರೆದುಕೊಡಿ" ಎಂದು ಆ ಖಾಲಿ ನೋಟ್‌ಬುಕ್ಕನ್ನೇ ಟೀಪಾಯಿಯ ಮೇಲಿಟ್ಟು ಹೋದಳು. ಅದರಲ್ಲೇ ಇದನ್ನು ಬರೆಯುತ್ತಿದ್ದೇನೆ.

ಮೂವತ್ತನಾಲ್ಕು ವರ್ಷವೂ ಒಂದನೆಯ ತರಗತಿಯೇ ಎಂದರೆ ಜನ ನಂಬುವುದಿಲ್ಲ. ಮೇಲಿನ ತರಗತಿಗೆ ಹೋಗಿ ಎಂದು ಎರಡು ಸಲ ಹೇಳಿದರು, ಎರಡು ಸಲವೂ ಏನೋ ನೆಪ ಹೇಳಿ ತಪ್ಪಿಸಿಕೊಂಡೆ. ನನ್ನ ಯಜಮಾನರು ಇಲ್ಲಿಯ ಫ್ಯಾಕ್ಟರಿಯಲ್ಲಿ ಗುಮಾಸ್ತರಾಗಿದ್ದವರು. ಮನೆಗೆ ಯಾರೇ ಬರಲಿ, "ನಮ್ಮಾಕಿ ಭಾಳ ಶ್ಯಾಣ್ಯಾ ಇದ್ದಾಳ್ರಿ, ಆದ್ರ ಒಂದನೇತ್ತ ಮೂವತ್ನಾಕು ಸಲ ನಪಾಸಾಗ್ಯಾಳ" ಎಂದು ಪರಿಚಯ ಮಾಡಿಕೊಡುತ್ತಾರೆ. ಒಂದನೇತ್ತ ಎಂದರೆ ಒಂದನೆಯ ತರಗತಿ. ನಾನು ಕೆಲಸದಲ್ಲಿದ್ದಾಗ ವರ್ಷಕ್ಕೊಂದು ಸಲ ಲೆಕ್ಕ ಏರಿಸುತ್ತಿದ್ದರು.

ಗದಗದಿಂದ ಬಂದು ನಮ್ಮ ಕನ್ನಡ ಶಾಲೆಗೆ ಸೇರಿದ ವರ್ಷ ನನಗೆ ಕೆಲಸ ತೋರಿಸಿಕೊಟ್ಟವರು ದೇಸಾಯಿ ಅಕ್ಕೋರು. ಅಕ್ಕೋರು ಎಂದರೆ ನಮ್ಮ ಕಡೆ ಶಿಕ್ಷಕಿ. ಅವರು ಒಳ್ಳೆಯವರು, ಆದರೆ ಧ್ವನಿ ಮಾತ್ರ ಕವಾಯತು ಮೈದಾನದ್ದು. ಅವರ ಪದ್ಧತಿಯಲ್ಲಿ ಗೋಡೆಗೆ ಅಕ್ಷರಗಳ ತಕ್ತೆ, ಕೈಯಲ್ಲಿ ಕೋಲು, ಮಕ್ಕಳ ಬಾಯಲ್ಲಿ ರಾಗ, ಇಷ್ಟೇ. ಅವರು ಕೋಲು ಇಟ್ಟಲ್ಲಿ ಮಕ್ಕಳು ಒಕ್ಕೊರಲಿನಿಂದ ಹೇಳಬೇಕು. ಹೊರಗೆ ರಸ್ತೆಯಲ್ಲಿ ಹೋಗುವ ಮರಾಠಿ ಜನ ನಿಂತು ಕೇಳುವಷ್ಟು ಚಂದ ಹೇಳುತ್ತಿದ್ದರು. ನಾನೂ ಅದನ್ನೇ ಹಿಡಿದೆ. ಎರಡು ತಿಂಗಳಲ್ಲಿ ನನ್ನ ಮಕ್ಕಳು ಇಡೀ ತಕ್ತೆಯನ್ನು ಒಂದೇ ಉಸಿರಿನಲ್ಲಿ ಹೇಳತೊಡಗಿದಾಗ ನನಗೆ ನೆಲ ಕಾಣಲಿಲ್ಲ.

ಒಂದು ದಿನ ಹೀಗೇ ರಾಗ ನಡೆದಿತ್ತು. ಅರ್ಧಕ್ಕೆ ಬಂದಾಗ ಗೋಡೆಯ ಮೊಳೆ ಕಿತ್ತು ತಕ್ತೆ ದಪ್ಪೆಂದು ನೆಲಕ್ಕೆ ಬಿತ್ತು. ನಾನು ಬೆಚ್ಚಿ ಹಿಂದೆ ಸರಿದೆ. ಮಕ್ಕಳು ನಿಲ್ಲಲಿಲ್ಲ. ಬೋಳು ಗೋಡೆಯನ್ನು ನೋಡುತ್ತಾ ಅದೇ ರಾಗದಲ್ಲಿ ಕೊನೆಯ ಅಕ್ಷರದವರೆಗೂ ಹೋಗಿ, ಮುಗಿಸಿ, ಕೈಕಟ್ಟಿ ಕೂತರು. ಒಬ್ಬನಿಗೂ ತಕ್ತೆ ಬಿದ್ದದ್ದರಿಂದ ಏನೂ ತೊಂದರೆಯಾಗಿರಲಿಲ್ಲ. ಆಮೇಲೆ ಒಬ್ಬೊಬ್ಬರನ್ನೇ ಕರೆದು ನಡುವಿನ ಒಂದು ಅಕ್ಷರ ತೋರಿಸಿದರೆ ಎಲ್ಲರೂ ಮನಸ್ಸಿನಲ್ಲೇ 'ಅ'ದಿಂದ ಶುರುಮಾಡಿ ಮೆಟ್ಟಿಲು ಹತ್ತಿದ ಹಾಗೆ ತುಟಿ ಆಡಿಸುತ್ತಾ ಅಲ್ಲಿಗೆ ಬರುತ್ತಿದ್ದರು. ದೇಸಾಯಿ ಅಕ್ಕೋರಿಗೆ ಹೇಳಿದೆ. "ಬರ್ತಾರಲ್ಲ, ತಡಾ ಆದ್ರೂ ಬರ್ತಾರ. ಗಾಡಿ ಯಾಕ ಇಷ್ಟ ಜೋರ ಹೊಡೀತಿ?" ಎಂದು ನಕ್ಕುಬಿಟ್ಟರು. ಮೊಳೆಯನ್ನು ಮಾತ್ರ ಅವರೇ ಕಲ್ಲಿನಿಂದ ಬಡಿದುಕೊಟ್ಟರು.

ಮುಂದೆ ತರಬೇತಿಗಳ ಕಾಲ ಬಂತು. ಅಕ್ಷರ ಬಿಡಿ, ಪದ ಹಿಡಿಯಿರಿ ಎಂದರು. ಚಿತ್ರದ ಕೆಳಗೆ ಪದ ಬರೆದು ತೋರಿಸಿ, ಮಗು ಪದವನ್ನು ಇಡಿಯಾಗಿ ನುಂಗುತ್ತದೆ ಎಂದರು. ನಾನು ರಜೆಯಲ್ಲಿ ಕೂತು ಎಂಬತ್ತು ಕಾರ್ಡು ಮಾಡಿದೆ. ಮೊದಲ ದಿನ ಈರುಳ್ಳಿಯ ಚಿತ್ರ ಎತ್ತಿ ಹಿಡಿದು ಕೆಳಗಿನ ಪದದ ಮೇಲೆ ಬೆರಳಿಟ್ಟು "ಓದ್ರಿ" ಎಂದೆ. ಅರ್ಧ ತರಗತಿ "ಕಾಂದಾ!" ಎಂದು ಕೂಗಿತು. ಅದು ಬೀದಿಯ ಮರಾಠಿ. ಇನ್ನರ್ಧ "ಉಳ್ಳಾಗಡ್ಡಿ!" ಎಂದಿತು. ಅದು ಮನೆಯ ಮಾತು. ಪುಸ್ತಕದ ಈರುಳ್ಳಿಯನ್ನು ಹೇಳಿದವರು ಒಬ್ಬರೂ ಇಲ್ಲ. ನನ್ನ ಬೆರಳು ಪದದ ಮೇಲೆ, ಎಲ್ಲರ ಕಣ್ಣೂ ಗಡ್ಡೆಯ ಮೇಲೆ. ಮಧ್ಯಾಹ್ನದ ಬಿಡುವಿನಲ್ಲಿ ಎಂಬತ್ತು ಕಾರ್ಡಿನ ಕಟ್ಟು ಮುಂದಿಟ್ಟುಕೊಂಡು ಬೆಪ್ಪಾಗಿ ಕೂತೆ.

ರಶ್ಮೀ, ಇದನ್ನು ನೀನು ತುಮಕೂರಿನಲ್ಲಿ ನೋಡಿರಲಾರೆ. ಅಲ್ಲಿ ಮಗು ಶಾಲೆಗೆ ಬರುವ ದಾರಿಯಲ್ಲೇ ಅಂಗಡಿಯ ಬೋರ್ಡು, ಬಸ್ಸಿನ ಬೋರ್ಡು, ಗೋಡೆಯ ಮೇಲಿನ ಜಾಹೀರಾತು ಎಲ್ಲವೂ ಕನ್ನಡ ಕಲಿಸುತ್ತಿರುತ್ತವೆ. ಪುಣೆಯಲ್ಲಿ ನಮ್ಮ ಮಕ್ಕಳಿಗೆ ಶಾಲೆಯ ಗೇಟು ದಾಟಿದರೆ ಒಂದು ಕನ್ನಡ ಅಕ್ಷರ ಕಾಣುವುದಿಲ್ಲ. ಬೀದಿ ಇಲ್ಲಿ ನಮ್ಮ ಸಹಾಯಕ್ಕೆ ಬರುವುದಿಲ್ಲ, ನಾವೇ ಬೀದಿಯನ್ನೂ ಮಾಡಿಕೊಳ್ಳಬೇಕು. ಅದಕ್ಕೆಂದೇ ನಾನು ಗೇಟಿನ ಎದುರಿನ ಮಲ್ಲಪ್ಪಶೆಟ್ಟರ ಕಿರಾಣಿ ಅಂಗಡಿಗೆ ಹೋಗಿ ಅವರ ಡಬ್ಬಗಳ ಮೇಲೆಲ್ಲ ಕನ್ನಡದಲ್ಲಿ ಹೆಸರು ಬರೆದು ಅಂಟಿಸಿಬಂದಿದ್ದೆ. ಶೆಟ್ಟರು ಸಿಂದಗಿಯವರು, ದೊಡ್ಡ ಮನಸ್ಸಿನವರು. "ಅಂಟಿಸ್ರಿ ಅಕ್ಕೋರ, ಗಿರಾಕಿ ಏನಂತ ಕೇಳಿದ್ರ ನಮ್ಮ ದೇವರ ಮಂತ್ರ ಅಂತೀನಿ" ಎಂದರು. ವಾರಕ್ಕೊಮ್ಮೆ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ ಓದಿಸುತ್ತಿದ್ದೆ. ಆ ಅಂಗಡಿ ಮುಂದೆ ನನಗೆ ದೊಡ್ಡ ಉಪಕಾರ ಮಾಡಿತು. ಅದನ್ನು ಹೇಳಬೇಕಾದರೆ ಮಹಾದೇವಿಯ ವಿಷಯ ಹೇಳಬೇಕು.

ನಾನು ಸೇರಿದಾಗ ನಮ್ಮ ಶಾಲೆಗೆ ಬರುತ್ತಿದ್ದವರು ವ್ಯಾಪಾರಿಗಳ, ಗುಮಾಸ್ತರ ಮಕ್ಕಳು. ಕೊನೆಕೊನೆಗೆ ಅವರೆಲ್ಲ ಇಂಗ್ಲಿಷ್ ಶಾಲೆ ಹಿಡಿದರು. ಅವರ ಬೆಂಚುಗಳಿಗೆ ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಬಂದರು. ಮಹಾದೇವಿ ಅಂಥವಳು, ಎಂಟು ವರ್ಷದವಳು. ಒಂದನೆಯ ತರಗತಿಯ ಬೆಂಚಿನಲ್ಲಿ ಅವಳ ಮೊಣಕಾಲು ಹಿಡಿಸುತ್ತಿರಲಿಲ್ಲ. ಸೊಲ್ಲಾಪುರದ ಎರಡು ಶಾಲೆಗಳಲ್ಲಿ, ಎರಡು ಕಟ್ಟಡ ಮುಗಿಯುವಷ್ಟು ಕಾಲ, ಇದೇ ತರಗತಿಯಲ್ಲಿ, ಇದೇ ಪುಸ್ತಕ ಹಿಡಿದು ಕೂತು ಬಂದಿದ್ದಳು. ಕೆಲಸ ಮುಗಿದ ಕೂಡಲೇ ಮನೆಯವರು ಎದ್ದು ಹೊರಡುವುದು, ಮುಂದಿನ ಶಾಲೆಯಲ್ಲಿ ಅವಳು ಮತ್ತೆ ಒಂದನೆಯ ತರಗತಿ.

ಹೆಸರು ಹಚ್ಚಲು ಬಂದ ದಿನ ಅವಳ ತಾಯಿ ಶರಣಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತಾ, "ಇದ ಕಡೀದ್ರಿ ಅಕ್ಕೋರ. ಇಲ್ಲೂ ಓದು ಬರಲಿಲ್ಲಂದ್ರ ಮುಂದ ಸಾಲಿ ಸಾಕು, ಸಣ್ಣಾಂವನ್ನ ಎತ್ಕೊಂಡಿರ್ಲಿ ಅಂತಾನ್ರಿ ಇವರಪ್ಪ" ಎಂದಳು. ಸಣ್ಣವ ಎಂದರೆ ಒಂದು ವರ್ಷದ ತಮ್ಮ. ಶಾಲೆಯ ಗಂಟೆ ಬಾರಿಸಿದ ಕೂಡಲೇ ಮಹಾದೇವಿಯ ಕಂಕುಳಿಗೆ ಏರುತ್ತಿದ್ದ.

"ಎಷ್ಟು ದಿನಾ ಇರ್ತೀರಿ ಇಲ್ಲಿ?" ಎಂದು ಕೇಳಿದೆ.

"ಹನ್ನೆರಡು ಸ್ಲ್ಯಾಬ್ ಅದಾವ್ರಿ. ಈಗ ಮೂರು ಬಿದ್ದಾವ."

ಆ ಕಟ್ಟಡ ನಮ್ಮ ತರಗತಿಯ ಕಿಟಕಿಯಿಂದಲೇ ಕಾಣುತ್ತಿತ್ತು. ಒಂದೊಂದು ಅಂತಸ್ತಿನ ಮೇಲೆ ಕಾಂಕ್ರೀಟು ಸುರಿದ ದಿನ ಒಂದು ಸ್ಲ್ಯಾಬು ಎಂದು ಲೆಕ್ಕ. ಆ ವರ್ಷ ನಾನು ಗೋಡೆಯ ಕ್ಯಾಲೆಂಡರು ನೋಡಿದ್ದಕ್ಕಿಂತ ಆ ಕಿಟಕಿ ನೋಡಿದ್ದೇ ಹೆಚ್ಚು.

ಆದರೆ ಮೊದಲಿಗೆ ನನಗೆ ಚಿಂತೆಯೇ ಇರಲಿಲ್ಲ, ಏಕೆಂದರೆ ಮಹಾದೇವಿ ಓದುತ್ತಿದ್ದಳು! ಬೆರಳಿಟ್ಟು ಎಡದಿಂದ ಬಲಕ್ಕೆ ಸರಿಸುತ್ತಾ ಪುಸ್ತಕದ ಯಾವ ಪಾಠವನ್ನಾದರೂ ಗಳಗಳನೆ ಓದುತ್ತಿದ್ದಳು. ಸೊಲ್ಲಾಪುರದವರು ಈ ಹುಡುಗಿಯನ್ನು ಯಾಕೆ ಮುಂದೆ ಕಳಿಸಲಿಲ್ಲವೋ ಎಂದು ಅವರನ್ನು ಮನಸ್ಸಿನಲ್ಲೇ ಬೈದುಕೊಂಡೆ. ಅವಳನ್ನು ಮುಂದಿನ ಬೆಂಚಿಗೆ ಕೂರಿಸಿ ಉಳಿದವರಿಗೆ ಮಾದರಿ ಮಾಡಿದೆ.

ದೀಪಾವಳಿಗೆ ಮುಂಚೆ ತಪಾಸಣೆ ಬಂತು. ಬಂದ ಸಾಹೇಬರು ಸಜ್ಜನರು, ಮರಾಠಿಯವರು, ಕನ್ನಡ ಅಕ್ಷರ ಗೊತ್ತಿಲ್ಲದವರು. ನಮ್ಮಂಥ ಶಾಲೆಗಳಲ್ಲಿ ಇದು ಹೊಸದೇನೂ ಅಲ್ಲ. ಅವರು ಮಗುವಿನ ಬೆರಳು ನೋಡುತ್ತಾರೆ, ಧ್ವನಿ ಕೇಳುತ್ತಾರೆ, ತಡವರಿಸದಿದ್ದರೆ ಓದು ಬಂದಿದೆ ಎಂದು ಬರೆದುಕೊಳ್ಳುತ್ತಾರೆ. ನಮ್ಮ ಮುಖ್ಯೋಪಾಧ್ಯಾಯರು ಹಿರೇಮಠ ಸರ್ ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ನಾನು ಮಹಾದೇವಿಯನ್ನು ಎಬ್ಬಿಸಿದೆ. ಸಾಹೇಬರು ತಾವೇ ಪುಸ್ತಕ ತೆರೆದು ಒಂದು ಪುಟ ತೋರಿಸಿದರು.

ಮಹಾದೇವಿ ಬೆರಳಿಟ್ಟು ಶುರುಮಾಡಿದಳು. ಪುಟದಲ್ಲಿ ಇದ್ದದ್ದು ಅಜ್ಜಿ ಬಾವಿಗೆ ನೀರಿಗೆ ಹೋದ ಪಾಠ. ಅವಳ ಬಾಯಿಂದ ಬಂದದ್ದು ಅಜ್ಜಿ ಬೆಕ್ಕಿಗೆ ಹಾಲು ಹಾಕಿದ ಪಾಠ. ಎರಡರ ಮೇಲೂ ಅದೇ ಅಜ್ಜಿಯ ಚಿತ್ರವಿತ್ತು. ಬೆರಳು ಬಾವಿಯ ಮೇಲೆ ಓಡುತ್ತಿದೆ, ಬಾಯಿ ಬೆಕ್ಕಿನ ಹಿಂದೆ ಓಡುತ್ತಿದೆ. ಒಂದು ಕಡೆಯೂ ತಡವರಿಸಲಿಲ್ಲ. ಪುಟದ ಕೊನೆಗೆ ಬೆರಳೂ ಬಾಯಿಯೂ ಒಟ್ಟಿಗೇ ನಿಂತವು.

"ವಾ! ಛಾನ ವಾಚತೇ ಮುಲಗೀ!" ಎಂದರು ಸಾಹೇಬರು. ಹುಡುಗಿ ಚೆನ್ನಾಗಿ ಓದುತ್ತಾಳೆ ಎಂದು ಹೊಗಳಿ, ಬೆನ್ನು ತಟ್ಟಿ, ವಹಿಯಲ್ಲಿ ನನ್ನ ತರಗತಿಗೆ 'ಉತ್ತಮ' ಎಂದು ಬರೆದರು.

ಆ ಕೋಣೆಯಲ್ಲಿ ಪುಸ್ತಕವನ್ನೂ ನೋಡಿ, ಮಾತನ್ನೂ ಕೇಳಿ, ಎರಡೂ ಬೇರೆ ಎಂದು ತಿಳಿದವಳು ನಾನೊಬ್ಬಳೇ. ನಾನು ಸುಮ್ಮನಿದ್ದೆ. ಕೈಮುಗಿದು "ಧನ್ಯವಾದ ಸರ್" ಎಂದೂ ಹೇಳಿದೆ. ಕೆಲಸದ ಮೂವತ್ತನಾಲ್ಕು ವರ್ಷದಲ್ಲಿ ನನಗೆ ನಿಜವಾಗಿ ನಾಚಿಕೆಯಾದ ದಿನ ಅದೊಂದೇ.

ಮಗು ಮೋಸ ಮಾಡಿರಲಿಲ್ಲ ಎನ್ನುವುದನ್ನು ಮೊದಲು ಹೇಳಬೇಕು. ಸಂಜೆ ಕರೆದು ಕೇಳಿದಾಗ ಅವಳು ಅಷ್ಟೇ ಪ್ರಾಮಾಣಿಕವಾಗಿ, "ಹಿಂಗ ಅಲ್ರಿ ಅಕ್ಕೋರ ಓದೂದು? ಬಟ್ಟು ಇಟ್ಟು ಹೇಳೂದು?" ಎಂದಳು. ಮೂರು ಶಾಲೆಗಳಲ್ಲಿ ಅವಳು ಕಂಡದ್ದು ಅದನ್ನೇ. ಬೆರಳು ಸರಿಸುತ್ತಾ ಪಾಠ ಹೇಳಿದರೆ ಅಕ್ಕೋರು ಶಾಭಾಸ್ ಎನ್ನುತ್ತಾರೆ. ಆ ಕಾಗದದ ಮೇಲಿನ ಗುರುತುಗಳಿಗೂ ಬಾಯಿಯ ಮಾತಿಗೂ ಸಂಬಂಧವಿದೆ ಎಂದು ಅವಳಿಗೆ ಯಾರೂ ತಿಳಿಸಿಕೊಟ್ಟಿರಲಿಲ್ಲ. ನಾನೂ ತಿಳಿಸಿಕೊಟ್ಟಿರಲಿಲ್ಲ.

ಮರುದಿನ ಪ್ರಗತಿ ಕಾರ್ಡು ಬರೆಯುವ ಕೆಲಸ. ಸಿಟ್ಟು ನನ್ನ ಮೇಲೇ ಇತ್ತು, ಅದೇ ಸಿಟ್ಟಿನಲ್ಲಿ ಷರಾದ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: 'ಮಹಾದೇವಿಗೆ ಓದಲು ಬರುವುದಿಲ್ಲ.' ಹಿರೇಮಠ ಸರ್ ಸಹಿ ಮಾಡಲು ತೆಗೆದುಕೊಂಡವರು ಕನ್ನಡಕ ಮೇಲೆತ್ತಿ ನನ್ನನ್ನೇ ನೋಡಿದರು.

"ನಿನ್ನೆ ಸಾಹೇಬ್ರು ಉತ್ತಮ ಅಂತ ಬರದ್ ಹೋಗ್ಯಾರ. ಇವತ್ತ ನೀವು ಬರೂದಿಲ್ಲ ಅಂತ ಬರೀತೀರಿ. ಇಬ್ಬರೊಳಗ ಯಾರ್ ಖರೇ ಅಂತ ಯಾರರ ಕೇಳಿದ್ರ ನನ್ನ ಗತಿ ಏನ್ರಿ?"

"ನಂದು ಖರೇ ಸರ್. ಸಾಹೇಬ್ರು ಕೇಳಿದ್ದು ಬೆಕ್ಕು, ನೋಡಿದ್ದು ಬಾವಿ."

ಎಲ್ಲವನ್ನೂ ಹೇಳಿದೆ. ಅವರು ಮೊದಲು ಮುಖ ಗಂಟಿಕ್ಕಿಕೊಂಡರು, ಆಮೇಲೆ ಮೇಜು ಬಡಿದುಕೊಂಡು ನಕ್ಕರು. "ಸ್ಲ್ಯಾಬ್ ಎಷ್ಟಾಗ್ಯಾವ?" ಎಂದು ಕೇಳಿದರು. "ಏಳು" ಎಂದೆ. "ಹಂಗಾರ ಐದು ಉಳದಾವ. ನೋಡ್ರಿ ಏನ್ ಮಾಡ್ತೀರಿ" ಎಂದು ಸಹಿ ಹಾಕಿದರು.

ಶರಣಮ್ಮನಿಗೂ ಹೇಳಿದೆ. ಅವಳು ನಂಬಲೇ ಇಲ್ಲ. "ದಿನಾ ಸಂಜಿಕ ಓದ್ತಾಳಲ್ರಿ? ಕಾಂಕ್ರೀಟಿನ ಮಿಕ್ಸರ್ ಬಂದ್ ಆದ ಮ್ಯಾಲ ಎಲ್ಲಾರೂ ಕೂತು ಕೇಳ್ತೇವಿ" ಎಂದಳು. ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡಳು.

ಆಮೇಲೆ ಮೂರು ವಾರ ನಾನು ನನಗೆ ಗೊತ್ತಿದ್ದದ್ದನ್ನೆಲ್ಲ ಪ್ರಯೋಗ ಮಾಡಿದೆ. ರವೆ ಹರಡಿದ ತಟ್ಟೆಯಲ್ಲಿ ಬೆರಳಿನಿಂದ ಬರೆಸಿದೆ. ರವೆಗೆ ಇರುವೆ ಮುತ್ತಿ ಎರಡನೆಯ ದಿನವೇ ಆ ಪದ್ಧತಿ ಮುಗಿಯಿತು. ಅಕ್ಷರದ ಬಿಲ್ಲೆ ಕೊಟ್ಟೆ. ಒಂದೊಂದೇ ಅಕ್ಷರ ಅವಳಿಗೆ ಗೊತ್ತಿತ್ತು. ಆದರೆ ಪುಸ್ತಕ ಕೈಗೆ ಬಂದ ಕೂಡಲೇ ಅಕ್ಷರ ಬಿಟ್ಟು ಹಳೆಯ ರಾಗಕ್ಕೆ ಹೊರಳಿಬಿಡುತ್ತಿದ್ದಳು. ಅವಳ ನೆನಪು ಅಷ್ಟು ಗಟ್ಟಿ. ಯಾವ ಕಥೆಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಮರುದಿನ ಬೆರಳಿಟ್ಟು 'ಓದುತ್ತಿದ್ದಳು'. ಕಿಟಕಿಯ ಹೊರಗೆ ಎಂಟನೆಯ ಸ್ಲ್ಯಾಬು ಬಿತ್ತು.

ಆಗ ಶೆಟ್ಟರ ಅಂಗಡಿಯ ದಿನ ಬಂತು. ನಾನು ಮಕ್ಕಳನ್ನು ಕರೆದುಕೊಂಡು ಹೋದೆ. ಹಿಂದಿನ ದಿನ ಹೊಸ ಮಾಲು ಬಂದಿತ್ತು, ಗಡಿಬಿಡಿಯಲ್ಲಿ ಶೆಟ್ಟರು 'ಸಕ್ಕರೆ' ಎಂದು ಬರೆದ ಗಾಜಿನ ಡಬ್ಬಕ್ಕೆ ಒಣ ಮೆಣಸಿನಕಾಯಿ ತುಂಬಿದ್ದರು. ಓದು ಬಂದ ಐದಾರು ಮಕ್ಕಳು ಒಮ್ಮೆಲೇ ಕುಣಿದಾಡಿಬಿಟ್ಟರು. "ಅಜ್ಜಾ, ಸಕ್ಕರಿ ಕೆಂಪಾಗೇತಿ! ಅಜ್ಜಾ, ನಿನ್ನ ಸಕ್ಕರಿ ಖಾರ ಅದ!" ಶೆಟ್ಟರು ಬೈಯುವಂತೆ ನಟಿಸಿದರು, ಗಿರಾಕಿಗಳೂ ನಕ್ಕರು. ಅಷ್ಟೂ ಗದ್ದಲದಲ್ಲಿ ಮಹಾದೇವಿ ಸುಮ್ಮನೆ ನಿಂತಿದ್ದಳು. ಡಬ್ಬದಲ್ಲಿ ಮೆಣಸಿನಕಾಯಿ ಕಾಣುತ್ತಿತ್ತು, ಅದರಲ್ಲಿ ನಗುವಂಥದ್ದು ಏನಿದೆ ಎಂದು ಉಳಿದವರ ಮುಖ ನೋಡುತ್ತಿದ್ದಳು. ಆಮೇಲೆ ಎಲ್ಲರೂ ನಗುತ್ತಿದ್ದಾರೆಂದು ತಾನೂ ನಕ್ಕಳು.

ನನಗೆ ಆಗ ಹೊಳೆಯಿತು. ಖರೇ ಮಾತನ್ನು ಬಾಯಿಪಾಠ ಮಾಡಬಹುದು, ಚಿತ್ರ ನೋಡಿ ಊಹೆ ಮಾಡಬಹುದು. ಸುಳ್ಳನ್ನು ಊಹಿಸಲು ಬರುವುದಿಲ್ಲ, ಅದನ್ನು ಓದಿಯೇ ತಿಳಿಯಬೇಕು.

ಮರುದಿನದಿಂದ ನನ್ನ ಕರಿಹಲಗೆಯ ಮೇಲೆ ಬೆಳಿಗ್ಗೆ ಬೆಳಿಗ್ಗೆ ಒಂದು ಸುಳ್ಳು. 'ಆನೆ ಬಸ್ಸಿನಲ್ಲಿ ಬಂತು.' 'ಅಕ್ಕೋರಿಗೆ ಬಾಲ ಇದೆ.' 'ಶೆಟ್ಟರು ಇಲಿ ಮಾರುತ್ತಾರೆ.' ನಾನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಬರೆದು ಪಕ್ಕಕ್ಕೆ ನಿಲ್ಲುತ್ತಿದ್ದೆ. ಓದಿದವರು ಎದ್ದು "ಅಕ್ಕೋರ, ಇದು ಸುಳ್ಳ!" ಎಂದು ಕೂಗಬೇಕು. ಕೂಗಿದವರೇ ಮುಂದೆ ಬಂದು ಸುಳ್ಳಿನ ಮೇಲೆ ಗೀಟು ಎಳೆದು ಕೆಳಗೆ ಖರೇ ಸಂಗತಿ ಬರೆಯಬೇಕು. ಅಕ್ಕೋರ ತಪ್ಪಿನ ಮೇಲೆ ಗೀಟು ಎಳೆಯುವುದೆಂದರೆ ಮಕ್ಕಳಿಗೆ ಎಂಥ ಹಬ್ಬ! ತಡವಾಗಿ ಬರುತ್ತಿದ್ದವರೆಲ್ಲ ಗಂಟೆಗೆ ಮುಂಚೆ ಬಂದು ಬಾಗಿಲ ಬಳಿ ನೂಕಾಡತೊಡಗಿದರು. ನನ್ನ ಬಾಲದ ಸುದ್ದಿ ಮನೆಮನೆಗೂ ಹೋಗಿ ಒಬ್ಬ ತಾಯಿ ಬಂದು ವಿಚಾರಿಸಿದಳು.

ಮಹಾದೇವಿ ಮೊದಲ ವಾರ ಎಲ್ಲರಿಗಿಂತ ಒಂದು ಕ್ಷಣ ತಡವಾಗಿ ನಗುತ್ತಿದ್ದಳು. ಆ ಒಂದು ಕ್ಷಣವೇ ನನ್ನ ಅಳತೆಗೋಲು. ಅಕ್ಕಪಕ್ಕದ ಮುಖ ನೋಡಿ ನಗುವುದಕ್ಕೆ ಅಷ್ಟು ಹೊತ್ತು ಬೇಕು. ಎರಡನೆಯ ವಾರ ಅವಳು ಬೇರೆಯವರ ಮುಖ ನೋಡುವುದನ್ನು ಬಿಟ್ಟು ಹಲಗೆ ನೋಡತೊಡಗಿದಳು. ತುಟಿ ಅಲುಗುತ್ತಿತ್ತು, ಹಣೆಯಲ್ಲಿ ಗೆರೆ. ಒಂಬತ್ತನೆಯ ಸ್ಲ್ಯಾಬು ಬಿತ್ತು. ಹತ್ತೂ ಬಿತ್ತು. ಕಂಟ್ರಾಕ್ಟರು ಜನ ಹೆಚ್ಚಿಸಿದ್ದಾನೆ, ಕೆಲಸ ಬೇಗ ಮುಗಿಯುತ್ತದೆ ಎಂದು ಶರಣಮ್ಮ ಸಂತೋಷದಿಂದ ಹೇಳಿದಳು. ನನಗೆ ಆ ಕಂಟ್ರಾಕ್ಟರನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಹನ್ನೊಂದನೆಯ ಸ್ಲ್ಯಾಬಿಗೆ ಸಲಾಕೆ ಕಟ್ಟುತ್ತಿದ್ದ ದಿನಗಳಲ್ಲಿ ನನಗೆ ಸುಳ್ಳುಗಳು ಮುಗಿದುಹೋದವು. ಒಂದು ಬೆಳಿಗ್ಗೆ ಏನೂ ತೋಚದೆ, 'ಹಿರೇಮಠ ಸರ್ ಮರ ಹತ್ತಿ ಕುಳಿತರು' ಎಂದು ಬರೆದೆ. ಬರೆದು ತಿರುಗಿದರೆ ಬಾಗಿಲಲ್ಲಿ ಹಿರೇಮಠ ಸರ್! ಹಾಜರಿ ಪುಸ್ತಕ ಹಿಡಿದು, ಕನ್ನಡಕ ಹಣೆಗೆ ಏರಿಸಿ, ಹಲಗೆಯನ್ನೇ ನೋಡುತ್ತಾ ನಿಂತಿದ್ದರು. ನಾನು ನಾಲಿಗೆ ಕಚ್ಚಿಕೊಂಡೆ. ಮಕ್ಕಳಿಗೆ ಅವರೆಂದರೆ ಗಡಗಡ. ಇಡೀ ತರಗತಿ ಕೈಕಟ್ಟಿ ತಲೆ ತಗ್ಗಿಸಿತು.

ಮುಂದಿನ ಬೆಂಚಿನಿಂದ ಒಂದು ನಗು ಹೊರಟಿತು. ಮೊದಲು ಮೂಗಿನಲ್ಲಿ, ಆಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡರೂ ನಿಲ್ಲದೆ, ಕಡೆಗೆ ಹೊಟ್ಟೆ ಹಿಡಿದುಕೊಂಡು. ಮಹಾದೇವಿ. ನೋಡಿ ನಗುವುದಕ್ಕೆ ಆ ದಿನ ಬೇರೆ ಯಾರೂ ನಕ್ಕಿರಲಿಲ್ಲ.

"ಏನ್ ಬರದಾರವಾ ಅಲ್ಲಿ?" ಎಂದರು ಹಿರೇಮಠ ಸರ್, ದಪ್ಪ ಧ್ವನಿಯಲ್ಲಿ.

ಅವಳು ಎದ್ದು ನಿಂತಳು. "ಹಿ... ರೇ... ಮಠ ಸರ್... ಮರ... ಹ... ಹತ್ತಿ... ಕು... ಕುಳಿತರು. ಇದು ಸುಳ್ಳ್ರಿ ಸರ್!"

ಗಳಗಳನೆ ಓದುತ್ತಿದ್ದ ಹುಡುಗಿ ಜೀವನದಲ್ಲಿ ಮೊದಲ ಸಲ ತಡವರಿಸಿದ್ದಳು. ಅಷ್ಟು ಚಂದದ ತಡವರಿಕೆಯನ್ನು ನಾನು ಮತ್ತೆಲ್ಲೂ ಕೇಳಿಲ್ಲ. ಕಣ್ಣು ತುಂಬಿಬಂದು, ಸರ್ ನೋಡಿಯಾರೆಂದು ಹಲಗೆಯ ಕಡೆ ತಿರುಗಿ ನಿಂತೆ.

"ಸುಳ್ಳ ಯಾಕ? ನಾ ಸಣ್ಣಾಂವ ಇದ್ದಾಗ ಭಾಳ ಹತ್ತೇನಿ. ಹುಣಸಿ ಮರ" ಎಂದರು ಹಿರೇಮಠ ಸರ್. "ಆದ್ರ ಇವತ್ತ ಹತ್ತಿಲ್ಲ. ಹೋಗು, ಗೀಟು ಹೊಡಿ."

ಅವಳು ಗೀಟು ಎಳೆದು ಕೆಳಗೆ 'ಸರ್ ನಿಂತರು' ಎಂದು ಬರೆದಳು. ಅದು ಖರೇ ಆಗಿತ್ತು.

ಆ ದಿನದ ಸಂತೋಷದಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಬೇಕು. ಮುಂದಿನ ವಾರಗಳಲ್ಲಿ ಮಹಾದೇವಿ ಸಿಕ್ಕಿದ್ದೆಲ್ಲ ಓದಿದಳು. ಶೆಟ್ಟರ ಡಬ್ಬಗಳಲ್ಲಿ ಒಂದನ್ನೂ ಬಿಡಲಿಲ್ಲ, ನನ್ನ ಟಿಫಿನ್ ಸುತ್ತಿದ ಹಳೆಯ ಕನ್ನಡ ಪತ್ರಿಕೆಯನ್ನೂ ಬಿಡಲಿಲ್ಲ. ಪುಸ್ತಕದ ಬಾವಿಯ ಪಾಠವನ್ನು ಬಾವಿಯ ಪಾಠವಾಗಿಯೇ ಓದಿದಳು. ಇಷ್ಟೆಲ್ಲ ಆದರೂ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಆ ಕಾರ್ಡು ಹಾಗೇ ಇದೆ, ಅದರ ಮೇಲೆ ನನ್ನ ದಪ್ಪ ಅಕ್ಷರ ಹಾಗೇ ಇದೆ ಎನ್ನುವುದು ನನ್ನ ನೆನಪಿಗೇ ಬರಲಿಲ್ಲ.

ಹನ್ನೆರಡನೆಯ ಸ್ಲ್ಯಾಬು ಬಿದ್ದ ನಾಲ್ಕನೆಯ ದಿನ ಅವಳ ತಂದೆ ದೇವೀಂದ್ರಪ್ಪ ಶಾಲೆಗೆ ಬಂದ. ಶಿರೂರಿನ ಕಡೆ ಹೊಸ ಕೆಲಸ ಸಿಕ್ಕಿತ್ತು. ಗೇಟಿನ ಹೊರಗೆ ಟೆಂಪೋ ನಿಂತಿತ್ತು, ಟ್ರಂಕು, ಕೊಡ, ಹಾಸಿಗೆ ಎಲ್ಲ ಏರಿಸಿ ಶರಣಮ್ಮ ಮೇಲೆ ಕೂತಿದ್ದಳು. ಮಹಾದೇವಿ ಅಪ್ಪನ ಹಿಂದೆ, ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದಳು. ಶಾಲೆ ಬಿಟ್ಟ ಪತ್ರ ಬರೆಯಲು ನಾನು ಪೆನ್ನು ತೆಗೆದೆ.

"ಪತ್ರ ಬ್ಯಾಡ ಬಿಡ್ರಿ ಅಕ್ಕೋರ" ಎಂದ ದೇವೀಂದ್ರಪ್ಪ. "ಸಾಲಿ ಸಾಕ್ರಿ ಇನ್ನ."

"ಯಾಕ? ಆಕಿಗೆ ಈಗ ಚಲೋ ಓದು ಬರ್ತದ!"

ಅವನು ಅಂಗಿಯ ಕಿಸೆಯಿಂದ ಪ್ಲಾಸ್ಟಿಕ್ ಚೀಲ ತೆಗೆದ. ಅದರೊಳಗಿನ ಕಾರ್ಡು ಹೊರತೆಗೆದು ಹಿಡಿದ. ಸಾಮಾನು ಕಟ್ಟುವಾಗ ಸಿಕ್ಕಿತಂತೆ. ಮಗಳು ನೀರು ತರಲು ಹೋದಾಗ ಮುಕಾದಮನಿಂದ, ಎಂದರೆ ಕೂಲಿಯವರ ಮುಂದಾಳಿನಿಂದ ಓದಿಸಿದ್ದ. "ನೀವಾ ಬರದೀರಿ. ಬರದದ್ದು ಒಂದು, ಹೇಳೂದು ಒಂದು ಆದ್ರ ನಾ ಯಾವ್ದು ನಂಬ್ಲಿ? ಆಕೀಗೂ ಹೇಳಿಲ್ಲ, ಸುಮ್ನ ಅಳ್ತಾಳಂತ."

ಅದು ದೀಪಾವಳಿಗೆ ಮುಂಚೆ ಬರೆದದ್ದು, ಆಮೇಲೆ ಕಲಿತಿದ್ದಾಳೆ, ಸುಳ್ಳು, ಹಲಗೆ, ಮರ ಎಂದು ಏನೇನೋ ತೊದಲಿದೆ. ಅವನು ನನ್ನ ಮುಖವನ್ನೇ ಅನುಮಾನದಿಂದ ನೋಡುತ್ತಿದ್ದ. ಮರ ಹತ್ತಿದ ಮುಖ್ಯೋಪಾಧ್ಯಾಯರ ಕಥೆ ಕೇಳಿದರೆ ಯಾರಿಗೆ ತಾನೇ ನಂಬಿಕೆ ಬರಬೇಕು?

ಅಷ್ಟರಲ್ಲಿ ಮಹಾದೇವಿ ಕುತ್ತಿಗೆ ಉದ್ದ ಮಾಡಿ ಅಪ್ಪನ ಕೈಯಲ್ಲಿದ್ದ ಕಾರ್ಡನ್ನು ನೋಡಿದಳು. ಬೆರಳು ಇಡಲಿಲ್ಲ. ಕಂಕುಳಲ್ಲಿ ತಮ್ಮನಿದ್ದ, ಬೆರಳು ಖಾಲಿ ಇರಲಿಲ್ಲ.

"ಮಹಾದೇವಿಗೆ... ಓದಲು... ಬರುವುದಿಲ್ಲ" ಎಂದು ಓದಿದಳು. ಆಮೇಲೆ ಖಿಲ್ಲನೆ ನಕ್ಕಳು. "ಅಕ್ಕೋರ, ಇದು ಸುಳ್ಳ!"

ದೇವೀಂದ್ರಪ್ಪ ಕಾರ್ಡನ್ನು ನೋಡಿದ, ಮಗಳನ್ನು ನೋಡಿದ. ಅವನಿಗೆ ಒಂದು ಅಕ್ಷರ ಬಾರದು, ಆದರೆ ಆ ಕಾರ್ಡಿನಲ್ಲಿ ಏನಿದೆ ಎಂದು ಬೆಳಿಗ್ಗೆಯಷ್ಟೇ ಕೇಳಿದ್ದ. ಮಗಳಿಗೆ ಅದನ್ನು ಯಾರೂ ಹೇಳಿಲ್ಲ ಎನ್ನುವುದೂ ಅವನಿಗೇ ಗೊತ್ತಿತ್ತು. ಯಾವ ಸಾಹೇಬರೂ ಮಾಡಲಾಗದ ತಪಾಸಣೆಯನ್ನು ಅವನು ನಿಂತಲ್ಲೇ ಮಾಡಿ ಮುಗಿಸಿದ.

"ಮುಕಾದಮ ಹಿಂಗಾ ಓದಿದ್ನಲ್ರಿ" ಎಂದ ಮೆಲ್ಲಗೆ. "ಅಕ್ಷರ ಸೈತ ಬದಲ್ ಇಲ್ಲ."

ಮಹಾದೇವಿಗೆ ಆ ಕಡೆ ಲಕ್ಷ್ಯವೇ ಇರಲಿಲ್ಲ. ಸುಳ್ಳು ಹಿಡಿದವರು ಗೀಟು ಎಳೆಯಬೇಕು, ಅದು ನಮ್ಮ ತರಗತಿಯ ನಿಯಮ. ಅವಳು ನನ್ನ ಮುಂದೆ ಕೈಚಾಚಿದಳು. "ಪೆನ್ ಕೊಡ್ರಿ."

ಕೊಟ್ಟೆ. ಆದರೆ ಒಂದು ಕೈಯಲ್ಲಿ ಕಾರ್ಡು ಹಿಡಿದು ಇನ್ನೊಂದರಲ್ಲಿ ಬರೆಯಬೇಕು, ನಡುವೆ ತಮ್ಮ. ಅವಳು ಅತ್ತ ಇತ್ತ ನೋಡಿ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಇವನ್ನ ಹಿಡಿ. ನಂಗ ಬರಿಯೂದದ."

ದೇವೀಂದ್ರಪ್ಪ ಹುಡುಗನನ್ನು ಅವಳ ಕಂಕುಳಿಂದ ತೆಗೆದು ತನ್ನ ಹೆಗಲ ಮೇಲೆ ಕೂರಿಸಿಕೊಂಡ. ಅವಳು ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು, ನನ್ನ ದಪ್ಪ ಅಕ್ಷರಗಳ ಮೇಲೆ ಗೀಟು ಎಳೆದು, ಕೆಳಗೆ 'ಬರುತ್ತದೆ' ಎಂದು ಬರೆದಳು. ಹಿರೇಮಠ ಸರ್ ಬಂದು ನೋಡಿ ಅದರ ಮೇಲೆ ಶಾಲೆಯ ಮೊಹರು ಒತ್ತಿದರು.

"ಪತ್ರಾ ಬರೀರಿ ಅಕ್ಕೋರ" ಎಂದ ದೇವೀಂದ್ರಪ್ಪ. "ಎರಡನೇತ್ತ ಅಂತ ಬರೀರಿ."

ನಾನು ಬರೆದೆ. ಅವರು ಗೇಟಿನ ಕಡೆ ನಡೆದರು. ಮಹಾದೇವಿ ಶೆಟ್ಟರ ಅಂಗಡಿಯ ಡಬ್ಬಗಳನ್ನು ಕೊನೆಯ ಸಲ ಓದುತ್ತಾ ಮುಂದೆ, ಎರಡೂ ಕೈ ಬೀಸಿಕೊಂಡು. ಹಿಂದೆ ಅವಳ ಅಪ್ಪ, ಹೆಗಲ ಮೇಲೆ ಹುಡುಗನನ್ನು ಹೊತ್ತುಕೊಂಡು.